ಗೋರಂಟಿ ಉಗುರು, ಕಡಲ ನೀರು

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿ ಅರ್ಧ ದಾರಿ ಸಾಗುವಷ್ಟರಲ್ಲಿ, ಮೊದಲ ಸಲ ಡೈವ್ ಮಾಡಲು ಬಂದ ಹುಡುಗಿಯರಲ್ಲಿ ಒಬ್ಬಳಾದರೂ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳುತ್ತಾಳೆ: "ಅಕ್ಕಾ, ಉಗುರು ಹಾಳಾಗುತ್ತಾ?" ಉಸಿರಿನ ಬಗ್ಗೆ, ಮೀನುಗಳ ಬಗ್ಗೆ ಎಲ್ಲರೆದುರು ಜೋರಾಗಿ ಕೇಳಿದವಳು ಇದನ್ನು ಮಾತ್ರ ಗುಟ್ಟಾಗಿ ಕೇಳುತ್ತಾಳೆ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ರೆಗ್ಯುಲೇಟರ್ ಬಾಯಿಗೆ ಕಚ್ಚಿಕೊಂಡ ಮೇಲೆ ನಮ್ಮ ಮಾತೆಲ್ಲ ಬೆರಳಲ್ಲೇ. ಸರಿಯಿದೆ ಎನ್ನಲು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿದ ಉಂಗುರ, ಗಾಳಿ ಕಡಿಮೆಯಾಯಿತು ಎನ್ನಲು ಎದೆಗೆ ಮುಷ್ಟಿ. ಜೊತೆಗಾರರ ಕಣ್ಣು ಡೈವ್ ಮುಗಿಯುವವರೆಗೂ ನಮ್ಮ ಕೈಮೇಲೇ ಇರುತ್ತದೆ. ಆ ಕೈ ಚೆಂದ ಇರಲಿ ಅನ್ನಿಸುವುದು ಸಹಜ. ನನಗೂ ಅನ್ನಿಸುತ್ತದೆ.

ಈ ಡೈವಿಂಗ್ ಕೆಲಸಕ್ಕೆ ಸೇರಿದ ಮೊದಲ ಎರಡು ಸೀಸನ್‌ನಲ್ಲಿ ನನ್ನ ಉಗುರುಗಳು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತಿದ್ದವು. ತಲೆ ಬಾಚಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು, ಹತ್ತಿ ಸೀರೆ ಉಟ್ಟರೆ ನೂಲು ಎಳೆಯುತ್ತಿತ್ತು. ಉಪ್ಪುನೀರು ತಿಂದುಹಾಕುತ್ತಿದೆ ಎಂದೇ ನಂಬಿದ್ದೆ. ಕಡಲನ್ನು ಸುಮ್ಮನೆ ದೂರಿದ್ದೆ ಎಂದು ಗೊತ್ತಾಗಲು ಸಮಯ ಹಿಡಿಯಿತು. ಉಗುರು ಎಂದರೆ ಕೆರಾಟಿನ್ ಪದರಗಳ ಹೆಣಿಗೆ. ನೆನೆದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಒಂದು ಸಲ ನೆನೆಯುವುದರಿಂದ ಏನೂ ಆಗದು. ದಿನಕ್ಕೆ ಹತ್ತು ಸಲ ಉಬ್ಬಿ ಕುಗ್ಗಿದರೆ ಪದರಗಳ ನಡುವಿನ ಬೆಸುಗೆ ಬಿಡುತ್ತದೆ. ನಾನು ಕಡಲೊಳಗೆ ಇರುತ್ತಿದ್ದುದು ದಿನಕ್ಕೆ ಒಂದೂವರೆ ಗಂಟೆ. ಆದರೆ ಮಧ್ಯಾಹ್ನ ದಡಕ್ಕೆ ಬಂದ ಮೇಲೆ ಇಪ್ಪತ್ತು ಜನರ ವೆಟ್‌ಸೂಟ್, ಮಾಸ್ಕ್, ಫಿನ್ ಎಲ್ಲವನ್ನೂ ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ, ಸೋಪು ಹಾಕಿ ತೊಳೆಯುವ ಕೆಲಸ ನನ್ನದಾಗಿತ್ತು. ಕೈ ಒದ್ದೆ, ಮತ್ತೆ ಬಿಸಿಲು, ಮತ್ತೆ ಒದ್ದೆ. ಉಗುರು ಸೀಳಿದ್ದು ಆ ತೊಟ್ಟಿಯಲ್ಲಿ. ತೊಳೆಯುವಾಗ ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಲು ಶುರುಮಾಡಿದೆ, ಅಷ್ಟೇ. ಎರಡು ತಿಂಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಿಸಿತು.

ಕೊಬ್ಬರಿ ಎಣ್ಣೆ ರಾತ್ರಿಗೆ. ಸ್ನಾನವಾದ ಮೇಲೆ ಉಗುರಿನ ಬುಡಕ್ಕೆ, ಸುತ್ತಲಿನ ಚರ್ಮಕ್ಕೆ ಚೆನ್ನಾಗಿ ತಿಕ್ಕುತ್ತೇನೆ. ಬೆಳಿಗ್ಗೆ ದೋಣಿ ಹತ್ತುವ ಮೊದಲು ಮಾತ್ರ ಬೇಡವೇ ಬೇಡ. ಎಣ್ಣೆ ಕೈಯಲ್ಲಿ ಮುಟ್ಟಿದ ಮಾಸ್ಕ್ ಮುಖದ ಮೇಲೆ ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ದೋಣಿಯಲ್ಲಿ ತುರ್ತಿಗೆಂದು ಇಟ್ಟಿರುವ ಆಮ್ಲಜನಕದ ಸಿಲಿಂಡರ್ ಇರುತ್ತದೆ. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ನನಗೆ ದೊಡ್ಡ ಪಾಠ ಕಲಿಸಿದ್ದು ತಂಗಿಯ ಮದುವೆ. ಅದು ಡಿಸೆಂಬರ್ ಕೊನೆ. ಬೆಂಗಳೂರಿನ ಒಂದು ಪಾರ್ಲರಿನಲ್ಲಿ ಹತ್ತೂ ಬೆರಳಿಗೆ ಉದ್ದನೆಯ ಕೃತಕ ಉಗುರು ಅಂಟಿಸಿಕೊಂಡೆ. ಫೋಟೊದಲ್ಲಿ ಬಹಳ ಚೆಂದ ಬಂದವು, ತೆಗೆಸಲು ಮನಸ್ಸಾಗದೆ ಹಾಗೇ ಕೆಲಸಕ್ಕೆ ಮರಳಿದೆ. ಮೂರನೆಯ ದಿನ ಫಿನ್ ಪಟ್ಟಿ ಎಳೆಯುವಾಗ ಬಲಗೈ ಉಂಗುರಬೆರಳಿನಲ್ಲಿ ಚುರುಕ್ ಎಂದಿತು. ಉದ್ದದ ಕೃತಕ ಉಗುರು ಸನ್ನೆಗೋಲಿನಂತೆ ಮೀಟುತ್ತದೆ. ತುದಿಗೆ ಬಿದ್ದ ಪೆಟ್ಟು ಅಸಲಿ ಉಗುರನ್ನು ಬುಡದ ಮಾಂಸದಿಂದ ಎಬ್ಬಿಸುತ್ತದೆ. ರಕ್ತ ಬರಲಿಲ್ಲ, ಹಾಗಾಗಿ ಅಲಕ್ಷಿಸಿದೆ. ಸಂದಿಗೆ ನೀರು ಹೋಯಿತು, ಹೋದದ್ದು ಒಣಗಲಿಲ್ಲ. ಹತ್ತು ದಿನದ ಮೇಲೆ ನೋಡಿದರೆ ಉಗುರಿನ ಅಡಿ ಪಾಚಿ ಹಸಿರು.

ಫಂಗಸ್ ಇರಬೇಕೆಂದು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಒಂದು ವಾರ ಹಚ್ಚಿದೆ. ಏನೂ ಆಗಲಿಲ್ಲ. ಕೊನೆಗೆ ಚರ್ಮವೈದ್ಯರು ನೋಡಿ, ಇದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ, ತೇವ ನಿಂತಲ್ಲಿ ಬೆಳೆಯುತ್ತದೆ, ಆ ಹಸಿರು ಅದರದ್ದೇ ಬಣ್ಣ ಎಂದರು. ಕೃತಕ ಉಗುರೆಲ್ಲ ತೆಗೆಸಿ, ಎದ್ದ ಭಾಗವನ್ನು ಕತ್ತರಿಸಿ, ನೀರು ಬೆರೆಸಿದ ವಿನೆಗರ್‌ನಲ್ಲಿ ಬೆರಳು ಅದ್ದಲು ಹೇಳಿ, ಮೂರು ವಾರ ಕೈ ಒಣಗಿರಬೇಕು ಎಂದು ಕಟ್ಟಪ್ಪಣೆ ಮಾಡಿದರು. ತಿಳಿನೀರಿನ ಆ ಮೂರು ವಾರ ನಾನು ದಡದಲ್ಲಿ ರಸೀದಿ ಬರೆಯುತ್ತಾ ಕೂತೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಹೊಸ ಉಗುರು ಪೂರ್ತಿ ಬರಲು ಆರು ತಿಂಗಳು ಹಿಡಿಯಿತು.

ಅಂದಿನಿಂದ ಬೆರಳ ತುದಿ ದಾಟುವಂತೆ ಉಗುರು ಬಿಟ್ಟಿಲ್ಲ. ವೆಟ್‌ಸೂಟಿನ ನಿಯೋಪ್ರೀನ್‌ಗೂ ಅದೇ ಒಳ್ಳೆಯದು. ಹಳೆಯ ಸೂಟ್‌ಗಳ ತೊಡೆಯ ಮೇಲೆ ಅರ್ಧಚಂದ್ರದಂಥ ಸೀಳುಗಳಿರುತ್ತವೆ, ಅವೆಲ್ಲ ಉಗುರಿನಿಂದ ಎಳೆದವರ ಗುರುತು. ಬೆರಳ ಮೆತ್ತೆಯಿಂದ ಸ್ವಲ್ಪ ಸ್ವಲ್ಪವೇ ಹಿಡಿದು ಮೇಲೇರಿಸಬೇಕು. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಜಾರುತ್ತದೆ. ಉಗುರಿನ ಬುಡದ ತೆಳು ಚರ್ಮವನ್ನು ಕತ್ತರಿಸಲು ಯಾವ ಪಾರ್ಲರಿಗೂ ಬಿಡುವುದಿಲ್ಲ. ಬುಡದಲ್ಲಿ ಉಗುರು ಮತ್ತು ಬೆರಳಿನ ನಡುವಿನ ಸಂದನ್ನು ಮುಚ್ಚಿರುವುದು ಅದೇ. ಕತ್ತರಿಸಿದ ಮರುದಿನವೇ ನೀರಿಗಿಳಿದು ಉಗುರುಸುತ್ತು ಬರಿಸಿಕೊಂಡವರನ್ನು ನೋಡಿದ್ದೇನೆ. ನಿಂಬೆಹಣ್ಣು ಕೊರೆದು ಬೆರಳಿಗೆ ಸಿಕ್ಕಿಸಿಕೊಂಡು ರಾತ್ರಿಯಿಡೀ ಕೂರುವ ಆ ನೋವು ಯಾರಿಗೂ ಬೇಡ. ಕೀವು ಕಟ್ಟಿದ ಮೇಲೆ ನಿಂಬೆಹಣ್ಣಿಗೆ ಕಾಯದೆ ಡಾಕ್ಟರ ಬಳಿ ಹೋಗಬೇಕು.

ಬಣ್ಣದ ಆಸೆಯನ್ನು ಬಿಟ್ಟಿಲ್ಲ. ನೇಲ್ ಪಾಲಿಶ್ ಹಚ್ಚಬಹುದು, ಉಗುರಿನ ತುದಿಯ ಅಂಚಿಗೂ ಎಳೆದರೆ ನೀರು ಒಳಗಿಳಿಯುವುದು ಕಡಿಮೆಯಾಗುತ್ತದೆ; ಪದೇ ಪದೇ ಅಸಿಟೋನ್ ಹಾಕಿ ಒರೆಸಿದರೆ ಮಾತ್ರ ಉಗುರು ಒಣಗಿ ಒಡೆಯುತ್ತದೆ. ನಾನು ಒಲಿದದ್ದು ಗೋರಂಟಿಗೆ. ಅದು ಕೆರಾಟಿನ್‌ನೊಳಗೇ ಇಳಿಯುವ ಬಣ್ಣ, ಚಕ್ಕೆ ಏಳುವುದಿಲ್ಲ. ನೀರಿನ ಆಳ ಮೊದಲು ನುಂಗುವುದು ಕೆಂಪನ್ನು; 10 ಮೀಟರ್ ದಾಟಿದರೆ ನನ್ನ ಉಗುರು ಕಂದುಗಪ್ಪು. ಟಾರ್ಚ್ ಹಾಕಿದ ಕ್ಷಣ ಹತ್ತಿರದ ಹವಳದ ಜೊತೆ ಬೆರಳ ತುದಿಗಳೂ ಕೆಂಪಗೆ ಬೆಳಗುತ್ತವೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಆಷಾಢದಲ್ಲಿ ಕಡಲು ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ನಾನು ತೀರ್ಥಹಳ್ಳಿಗೆ ಹೋಗುತ್ತೇನೆ. ಅಜ್ಜಿ ಗೋರಂಟಿ ಸೊಪ್ಪಿಗೆ ಹುಣಸೆಹಣ್ಣು, ಅಡಿಕೆ ಸೇರಿಸಿ ಒರಳಲ್ಲಿ ರುಬ್ಬುತ್ತಾರೆ. ಎರಡೂ ಕೈಯಲ್ಲಿ ಒಂದೊಂದು ಬೆರಳು ಬಿಟ್ಟುಬಿಡು ಎಂದು ನಾನು ಕೇಳಿದ ವರ್ಷ ಅವರಿಗೆ ಬೇಸರವಾಗಿತ್ತು. ನೀರಿನಲ್ಲಿ ಏನಾದರೂ ಆದರೆ ಡಾಕ್ಟರು ಉಗುರಿನ ಬಣ್ಣ ನೋಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾರೆ, ಗಾಢ ಬಣ್ಣವಿದ್ದರೆ ತಪ್ಪು ಅಂಕಿ ತೋರಿಸಬಹುದು ಎಂದು ವಿವರಿಸಿದೆ. ಈಗ ಅವರೇ ನೆನಪಿಟ್ಟುಕೊಂಡು ಕೇಳುತ್ತಾರೆ: "ಯಾವ ಬೆರಳು ಬಿಡ್ಲಿ ಕೂಸೇ?"

ಅಕ್ಟೋಬರಿನಲ್ಲಿ ಮೊದಲ ದೋಣಿ ಹೊರಡುವಾಗ ಆ ಕೆಂಪು ಉಗುರಿನ ತುದಿಗೆ ಬಂದು ನಿಂತಿರುತ್ತದೆ. ಅದರ ಹಿಂದೆ, ಮಳೆಗಾಲದಲ್ಲಿ ಬೆಳೆದು ಇನ್ನೂ ಕಡಲು ಕಾಣದ ಉಗುರು, ನಯವಾಗಿ. ಕಟರ್ ಕೈಗೆತ್ತಿಕೊಳ್ಳುತ್ತೇನೆ. ಎರಡೂ ಉಂಗುರಬೆರಳಿನ ಕೆಂಪು ಚಂದ್ರರನ್ನು ಮಾತ್ರ, ಅಂಚನ್ನು ಅರದಿಂದ ನುಣುಪು ಮಾಡಿ, ಮೊದಲ ಡೈವ್ ಮುಗಿಯುವವರೆಗೆ ಹಾಗೇ ಉಳಿಸಿಕೊಳ್ಳುತ್ತೇನೆ.