ಜೈಸಲ್ಮೇರ್: ಮರುಭೂಮಿಯ ಕೋಟೆಯೂ ಕೆರೆಯೂ

ಭಾರತದ ಪಶ್ಚಿಮದಂಚಿನಲ್ಲಿ, ಥಾರ್ ಮರುಭೂಮಿಯ ನಡುವೆ ನಿಂತಿರುವ ಜೈಸಲ್ಮೇರ್ ನಗರಕ್ಕೆ ಹೋದವರೆಲ್ಲ ಮೊದಲು ಏರುವುದು ಅಲ್ಲಿಯ ಕೋಟೆಯನ್ನು. ಅದು ಸಹಜವೇ ಆಗಿದೆ. ಹಳದಿ ಮರಳುಗಲ್ಲಿನ ಆ ಕೋಟೆ ಸಂಜೆಯ ಬಿಸಿಲಿನಲ್ಲಿ ಹೊನ್ನಿನ ಬಣ್ಣ ತಳೆಯುವುದನ್ನು ಕಂಡವರು ಮರೆಯಲಾರರು. ಸತ್ಯಜಿತ್ ರಾಯ್ ಅವರು 1974ರಲ್ಲಿ ತಯಾರಿಸಿದ 'ಸೋನಾರ್ ಕೆಲ್ಲಾ' ಎಂಬ ಬಂಗಾಳಿ ಚಿತ್ರಕ್ಕೆ ಹೆಸರು ಬಂದದ್ದೂ ಈ ಬಣ್ಣದಿಂದಲೇ. ಆದರೆ ಈ ನಗರದ ಚರಿತ್ರೆಯನ್ನು ಅರಿಯಬೇಕೆಂದು ಹೋಗುವವನು, ಅದರಲ್ಲಿಯೂ ವಿದ್ಯಾರ್ಥಿಗಳನ್ನು ಜೊತೆಗೆ ಕರೆದೊಯ್ಯುವ ಅಧ್ಯಾಪಕನು, ಕೋಟೆಗಿಂತ ಮೊದಲು ಊರಿನ ಆಗ್ನೇಯಕ್ಕಿರುವ ಗಡಿಸರ್ ಕೆರೆಯ ದಂಡೆಗೆ ಹೋಗುವುದು ಮೇಲು. ಕೋಟೆಯನ್ನು ಕಟ್ಟಿದವರು ಅರಸರು; ಅದನ್ನು ಶತಮಾನಗಳ ಕಾಲ ಬದುಕಿಸಿದ್ದು ಈ ಕೆರೆ.

ಜೈಸಲ್ಮೇರಿನಲ್ಲಿ ವರ್ಷಕ್ಕೆ ಸರಾಸರಿ 200 ಮಿಲಿಮೀಟರಿನಷ್ಟು ಮಳೆಯೂ ಬೀಳುವುದಿಲ್ಲ. ಬಿದ್ದರೂ ಕೆಲವೇ ದಿನಗಳಲ್ಲಿ ಬಿದ್ದು ಮುಗಿಯುತ್ತದೆ. ನೆಲದಾಳದ ನೀರು ಬಹುಪಾಲು ಉಪ್ಪು. ಇಂತಹ ನಾಡಿನ ಜನರು ನೀರನ್ನು ಮೂರು ಬಗೆಯಾಗಿ ವಿಂಗಡಿಸಿ ಹೆಸರಿಟ್ಟಿದ್ದಾರೆ. ಮಳೆಯಿಂದ ಬಂದು ಕೆರೆಕಟ್ಟೆಗಳಲ್ಲಿ ನಿಲ್ಲುವುದು 'ಪಾಲರ್ ಪಾನಿ'. ಆಳದ ಬಾವಿಯಲ್ಲಿ ಸಿಗುವುದು 'ಪಾತಾಲ್ ಪಾನಿ'. ಇವೆರಡರ ನಡುವೆ ಇನ್ನೊಂದಿದೆ. ಕೆಲವು ಕಡೆ ಮರಳಿನ ಅಡಿಯಲ್ಲಿ ಜಿಪ್ಸಮ್ಮಿನ ಪದರವೊಂದು ಹಾಸಿಕೊಂಡಿದೆ. ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿಗೆ ಸೇರದಂತೆ ಆ ಪದರ ತಡೆದು ನಿಲ್ಲಿಸುತ್ತದೆ. ಮರಳಿನ ಕಣಗಳ ನಡುವೆ ಬರಿಯ ತೇವವಾಗಿ ಉಳಿಯುವ ಈ ನೀರೇ 'ರೇಜಾಣಿ ಪಾನಿ'. ಬಾಯಿ ಕಿರಿದಾದ 'ಕುಂಈ' ಎಂಬ ಸಣ್ಣ ಬಾವಿಗಳನ್ನು ತೋಡಿ, ತೊಟ್ಟುತೊಟ್ಟಾಗಿ ಒಸರುವ ಆ ನೀರನ್ನು ಅವರು ಸಂಗ್ರಹಿಸುತ್ತಿದ್ದರು. ಭೂಗರ್ಭಶಾಸ್ತ್ರದ ಪಾಠವನ್ನು ಶಾಲೆಯಲ್ಲಿ ಕಲಿಯದ ಜನರ ಜ್ಞಾನವಿದು. ಅನುಪಮ ಮಿಶ್ರ ಅವರು ತಮ್ಮ ಹಿಂದಿ ಕೃತಿ 'ರಾಜಸ್ಥಾನ್ ಕೀ ರಜತ್ ಬೂಂದೇಂ'ನಲ್ಲಿ ಇದನ್ನೆಲ್ಲ ವಿವರವಾಗಿ ದಾಖಲಿಸಿದ್ದಾರೆ.

ಭಾಟಿ ರಜಪೂತರ ಹಿಂದಿನ ರಾಜಧಾನಿ ಲೋಧ್ರುವ. ಇದು ಈಗಿನ ಊರಿನ ವಾಯವ್ಯಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಬಯಲಿನಲ್ಲಿದ್ದ ಆ ಊರು ಶತ್ರುಗಳ ದಾಳಿಗೆ ಸುಲಭವಾಗಿ ತುತ್ತಾಗುತ್ತಿದ್ದುದರಿಂದ ರಾವಲ್ ಜೈಸಲನು 1156ರಲ್ಲಿ ತ್ರಿಕೂಟವೆಂಬ ಗುಡ್ಡದ ಮೇಲೆ ಹೊಸ ಕೋಟೆಗೆ ಅಡಿಪಾಯ ಹಾಕಿದನು. ಶ್ರೀಕೃಷ್ಣನು ಅರ್ಜುನನೊಡನೆ ಇಲ್ಲಿಗೆ ಬಂದಾಗ ಸುದರ್ಶನ ಚಕ್ರದಿಂದ ಬಾವಿಯೊಂದನ್ನು ತೋಡಿದನೆಂದು ಸ್ಥಳಪುರಾಣ ಹೇಳುತ್ತದೆ. ಪುರಾಣವನ್ನು ಪುರಾಣವೆಂದೇ ಗ್ರಹಿಸಿದರೂ, ರಾಜಧಾನಿಯ ನೆಲೆಯನ್ನು ಗೊತ್ತುಮಾಡುವ ಕಥೆಯಲ್ಲಿ ಬಾವಿಯ ಮಾತು ಬರುವುದು ಗಮನಾರ್ಹ. ಇಂದು ಲೋಧ್ರುವದಲ್ಲಿ ಉಳಿದಿರುವ ಮುಖ್ಯ ಕಟ್ಟಡವೆಂದರೆ 17ನೆಯ ಶತಮಾನದಲ್ಲಿ ಪುನರ್ನಿರ್ಮಾಣಗೊಂಡ ಪಾರ್ಶ್ವನಾಥ ಬಸದಿ.

ಗಡಿಸರ್ ಕೆರೆಗೆ 14ನೆಯ ಶತಮಾನದ ರಾವಲ್ ಗಡಸಿಯ ಹೆಸರು ಬಂದಿದೆ. ಸುತ್ತಲಿನ ಇಳಿಜಾರು ನೆಲದಲ್ಲಿ ಬಿದ್ದ ಮಳೆಯ ನೀರೆಲ್ಲ ಹರಿದು ಇಲ್ಲಿ ನಿಲ್ಲುವಂತೆ ಏರಿ ಕಟ್ಟಲಾಗಿದೆ. ನೀರು ಹರಿದುಬರುವ ಆ ನೆಲಕ್ಕೆ 'ಆಗೋರ್' ಎಂದು ಹೆಸರು. ಆಗೋರಿನಲ್ಲಿ ಹೊಲಸು ಮಾಡುವುದು ಕೆರೆಯಲ್ಲಿಯೇ ಹೊಲಸು ಮಾಡಿದಷ್ಟು ನಿಷಿದ್ಧವಾಗಿದ್ದಿತು. 20ನೆಯ ಶತಮಾನದ ಮಧ್ಯಭಾಗದವರೆಗೂ ಊರಿನ ಮುಖ್ಯ ಜಲಾಧಾರ ಇದೇ ಆಗಿತ್ತು. ಹೆಂಗಳೆಯರು ಕೊಡಗಳನ್ನು ಹೊತ್ತು ಇಲ್ಲಿಂದಲೇ ಕೋಟೆಯನ್ನು ಏರುತ್ತಿದ್ದರು. ದಂಡೆಯ ಮೇಲೆ ಗುಡಿಗಳು, ಛತ್ರಿಗಳು, ಸ್ನಾನಘಟ್ಟಗಳು ಸಾಲುಗೊಂಡಿವೆ. ಪ್ರವೇಶದಲ್ಲಿರುವ ಸುಂದರ ಕಮಾನಿನ ದ್ವಾರವನ್ನು ಟೀಲೋ ಎಂಬ ಗಣಿಕೆ ಕಟ್ಟಿಸಿದಳೆಂದು ಪ್ರತೀತಿ. ಅಂಥವಳು ಕಟ್ಟಿಸಿದ ದ್ವಾರದ ಕೆಳಗೆ ಅರಸನು ನಡೆಯಬಾರದೆಂದು ಆಕ್ಷೇಪ ಬಂದಾಗ ಆಕೆ ಅದರ ಮೇಲೊಂದು ದೇವರ ಗುಡಿಯನ್ನು ಕಟ್ಟಿಸಿಬಿಟ್ಟಳಂತೆ. ಗುಡಿಯನ್ನು ಕೆಡಹುವ ಧೈರ್ಯ ಯಾರಿಗೂ ಆಗಲಿಲ್ಲ. ಕಥೆ ಎಷ್ಟು ನಿಜವೋ, ದ್ವಾರವಂತೂ ನಿಂತಿದೆ. ಕೆರೆಕಟ್ಟೆ ಕಟ್ಟಿಸಿ ಪುಣ್ಯಗಳಿಸಿದ ಗಣಿಕೆಯರ ಕಥೆಗಳು ಕನ್ನಡಿಗರಿಗೂ ಹೊಸವಲ್ಲ.

ಕೆರೆಯನ್ನು ನೋಡಿದ ಮೇಲೆ ಕೋಟೆಯನ್ನು ಏರಬೇಕು. ಬಯಲಿನಿಂದ ಸುಮಾರು 76 ಮೀಟರ್ ಎತ್ತರದ ಗುಡ್ಡ, 99 ಬುರುಜುಗಳು, ಅಖೈ, ಸೂರಜ್, ಗಣೇಶ, ಹವಾ ಎಂಬ ನಾಲ್ಕು ಪೋಲ್‌ಗಳು, ಎಂದರೆ ಹೆಬ್ಬಾಗಿಲುಗಳು. ಒಳಗೆ ಅರಮನೆ, ಲಕ್ಷ್ಮೀನಾಥ ದೇವಾಲಯ ಹಾಗೂ ಒಂದಕ್ಕೊಂದು ಹೊಂದಿಕೊಂಡಂತೆ ನಿಂತಿರುವ ಜೈನ ಬಸದಿಗಳಿವೆ. ಈ ಬಸದಿಗಳ ಆಶ್ರಯದಲ್ಲಿರುವ ಜಿನಭದ್ರಸೂರಿ ಜ್ಞಾನಭಂಡಾರವು ಅರಮನೆಗಿಂತ ಹೆಚ್ಚಿನ ಐಶ್ವರ್ಯವೆಂದರೆ ಅತಿಶಯೋಕ್ತಿಯಲ್ಲ. ಒಣಹವೆಯ ಕೃಪೆಯಿಂದಲೂ ಶ್ರಾವಕರ ಶ್ರದ್ಧೆಯಿಂದಲೂ ಅಲ್ಲಿ ಪ್ರಾಚೀನ ತಾಳೆಯೋಲೆಗಳು ಉಳಿದುಬಂದಿವೆ. ಉದ್ಯೋತನಸೂರಿಯು ಕ್ರಿ.ಶ. 779ರಲ್ಲಿ ರಾಜಸ್ಥಾನದ ಜಾಲೋರಿನಲ್ಲಿ ರಚಿಸಿದ 'ಕುವಲಯಮಾಲಾ' ಎಂಬ ಪ್ರಾಕೃತ ಕಾವ್ಯವು ಇಂದು ಲಭ್ಯವಾಗಿರುವುದಕ್ಕೆ ಜೈಸಲ್ಮೇರಿನ ಓಲೆಪ್ರತಿ ಒಂದು ಮುಖ್ಯ ಆಧಾರ. ಅದನ್ನು ಸಂಪಾದಿಸಿ 1959 ಮತ್ತು 1970ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು. ಆ ಕಾವ್ಯದ ಪೇಟೆಯ ವರ್ಣನೆಯೊಂದರಲ್ಲಿ ನಾನಾ ದೇಶಗಳ ವರ್ತಕರು ತಂತಮ್ಮ ನುಡಿಗಳಲ್ಲಿ ಮಾತನಾಡುತ್ತಾರೆ. ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಕನ್ನಡದ ಉಪಲಬ್ಧ ಪ್ರಥಮ ಗ್ರಂಥವಾದ 'ಕವಿರಾಜಮಾರ್ಗ'ಕ್ಕಿಂತ ಸುಮಾರು ಏಳು ದಶಕ ಹಿಂದಿನ ಈ ಉಲ್ಲೇಖವನ್ನು ಕಾಯ್ದುಕೊಟ್ಟದ್ದು ದೂರದ ಮರುಭೂಮಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಕೋಟೆಯ ಕೆಳಗಿನ ಊರಿನಲ್ಲಿ ಶ್ರೀಮಂತರ ಹವೇಲಿಗಳಿವೆ. ಒಂಟೆಯ ಸಾಲುಗಳು ಸಿಂಧ್ ಪ್ರಾಂತದ ಮೂಲಕ ಪಶ್ಚಿಮಕ್ಕೆ ಸಾಗುತ್ತಿದ್ದ ದಿನಗಳ ಸಂಪತ್ತಿನ ಫಲವಿದು. 19ನೆಯ ಶತಮಾನದ ಪಟ್ವಾ ಸೋದರರ ಐದು ಹವೇಲಿಗಳು ಪ್ರಸಿದ್ಧ. ನಥಮಲ್ಲನ ಹವೇಲಿಯ ಎಡಭಾಗವನ್ನು ಒಬ್ಬ ಶಿಲ್ಪಿ, ಬಲಭಾಗವನ್ನು ಅವನ ಸೋದರ ಕೆತ್ತಿದರೆಂದು ಹೇಳುತ್ತಾರೆ. ಹತ್ತಿರ ಹೋಗಿ ನೋಡಿದರೆ ಎರಡು ಭಾಗಗಳು ಒಂದೇ ಅಲ್ಲ. ಮುಂಬಯಿ ಬಂದರು ಬೆಳೆದಂತೆ ಈ ವ್ಯಾಪಾರ ಕುಗ್ಗಿತು. 1947ರ ದೇಶವಿಭಜನೆ ಹಾದಿಯನ್ನೇ ಮುಚ್ಚಿತು.

ನೈಋತ್ಯಕ್ಕೆ ಕುಲಧರಾ ಎಂಬ ಪಾಳುಗ್ರಾಮವಿದೆ. ಅಲ್ಲಿದ್ದವರು ಪಾಲಿವಾಲ ಬ್ರಾಹ್ಮಣರು. ದಿವಾನ ಸಾಲಿಂ ಸಿಂಗನ ದುರಾಚಾರಕ್ಕೆ ಹೇಸಿ ಊರಿಗೆ ಊರೇ ಒಂದು ರಾತ್ರಿಯಲ್ಲಿ ಹೊರಟುಹೋಯಿತೆಂಬ ಕಥೆಯನ್ನು ಮಾರ್ಗದರ್ಶಿಗಳು ರಸವತ್ತಾಗಿ ಹೇಳುತ್ತಾರೆ. ನೀರಿನ ಅಭಾವವೇ ಊರು ತೊರೆಯಲು ಕಾರಣವಾಗಿರಬಹುದೆಂಬ ವಿದ್ವಾಂಸರ ವಾದವನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಆದರೆ ಆ ಜನರ ನಿಜವಾದ ಸ್ಮಾರಕ ಪಾಳು ಗೋಡೆಗಳಲ್ಲ, 'ಖಡೀನ್'ಗಳು. ಕಲ್ಲುನೆಲದ ಇಳಿಜಾರಿನ ಕೆಳತುದಿಗೆ ಉದ್ದನೆಯ ಮಣ್ಣಿನ ಏರಿ ಹಾಕಿ ಮಳೆಯ ನೀರನ್ನು ಹೊಲದಲ್ಲಿಯೇ ನಿಲ್ಲಿಸುವುದು, ನೀರು ಇಂಗಿದ ಮೇಲೆ ಆ ಹಸಿಯಲ್ಲಿ ಗೋದಿ, ಕಡಲೆ ಬಿತ್ತುವುದು: ಇದೇ ಖಡೀನ್ ಬೇಸಾಯ. ಮರುಭೂಮಿಯಲ್ಲಿ ಗೋದಿ ಬೆಳೆದ ಈ ವಿದ್ಯೆಯನ್ನು ಅಲ್ಲಿಯ ರೈತರು ಇಂದಿಗೂ ಕೈಬಿಟ್ಟಿಲ್ಲ.

ಪೋಕರಣದ ಉತ್ತರಕ್ಕಿರುವ ರಾಮದೇವ್ರಾ ಕ್ಷೇತ್ರವನ್ನು ನೋಡದೆ ಈ ಪ್ರವಾಸ ಪೂರ್ಣವಾಗದು. ಬಾಬಾ ರಾಮದೇವರ ಸಮಾಧಿಯಿರುವ ಇಲ್ಲಿಗೆ ಭಾದ್ರಪದದಲ್ಲಿ ಲಕ್ಷಾಂತರ ಜನರು ಕಾಲ್ನಡಿಗೆಯಿಂದ ಬರುತ್ತಾರೆ, ಬಟ್ಟೆಯ ಕುದುರೆಗಳನ್ನು ಅರ್ಪಿಸುತ್ತಾರೆ. ಮುಸ್ಲಿಮರು ಇವರನ್ನು ರಾಮಸಾ ಪೀರ್ ಎಂದು ಕರೆಯುತ್ತಾರೆ. ರಜಪೂತ ಕುಲದಲ್ಲಿ ಹುಟ್ಟಿಯೂ ಜಾತಿಯ ಮೇಲುಕೀಳನ್ನು ಒಪ್ಪದ ಸಂತ ಇವರು. ಅಸ್ಪೃಶ್ಯಳೆನಿಸಿದ್ದ ಮೇಘವಾಲ ಕುಲದ ಡಾಲೀಬಾಯಿಯ ಸಮಾಧಿ ಇವರ ಸಮಾಧಿಯ ಪಕ್ಕದಲ್ಲಿಯೇ ಇದೆ. ಬಸವಾದಿ ಶರಣರ ನಾಡಿನಿಂದ ಹೋದವರು ಅಲ್ಲಿ ಒಂದು ಗಳಿಗೆ ನಿಲ್ಲದೆ ಇರಲಾರರು. ಇಲ್ಲಿಯೂ ಗುಡಿಯ ಪಕ್ಕದಲ್ಲಿ ಕೆರೆಯಿದೆ. ರಾಮಸರೋವರವೆಂಬ ಅದನ್ನು ಬಾಬಾ ಅವರೇ ತೋಡಿಸಿದರೆಂದು ಭಕ್ತರ ನಂಬಿಕೆ. ಸಮೀಪದ ಮೆಟ್ಟಿಲುಬಾವಿಗೆ ಪರ್ಚಾ ಬಾವಡಿ ಎಂದು ಹೆಸರು. ವಿಜಯಪುರದ ತಾಜ್ ಬಾವಡಿಯನ್ನು ಬಲ್ಲವರಿಗೆ ಆ ಪದವನ್ನು ವಿವರಿಸಬೇಕಾಗಿಲ್ಲ.

ಈಗ ಜೈಸಲ್ಮೇರಿಗೆ ನೀರಿನ ಕೊರತೆ ಹಿಂದಿನಷ್ಟಿಲ್ಲ. ಪಂಜಾಬಿನ ಹರೀಕೆಯಿಂದ ಹೊರಡುವ, 1958ರಲ್ಲಿ ಕೆಲಸ ಆರಂಭವಾದ ಇಂದಿರಾ ಗಾಂಧಿ ಕಾಲುವೆ 1980ರ ದಶಕದಲ್ಲಿ ಈ ಜಿಲ್ಲೆಯನ್ನು ಮುಟ್ಟಿತು. ಗಡಿಸರ್ ಕೆರೆಗೂ ಕಾಲುವೆಯ ನೀರು ಬರುತ್ತದೆ. ಕೋಟೆಯ ಮನೆಮನೆಗೂ ನಲ್ಲಿಗಳು ಬಂದವು. ಪ್ರವಾಸಿಗರು ಹೆಚ್ಚಿದಂತೆ ಒಳಗೆ ವಸತಿಗೃಹಗಳು, ಅವುಗಳೊಂದಿಗೆ ಸ್ನಾನದ ಮನೆಗಳು ಹೆಚ್ಚಿದವು. ಕೊಡದಲ್ಲಿ ಹೊತ್ತು ತಂದ ನೀರನ್ನು ಅಳೆದು ಬಳಸುತ್ತಿದ್ದ ಕಾಲಕ್ಕೆ ಹೊಂದುವಂತೆ ಕಟ್ಟಿದ ಕೋಟೆ ಅದು. ಗುಡ್ಡದ ಮರಳುಗಲ್ಲಿನ ಕೆಳಗೆ ಜೇಡಿಯಂತಹ ಮೆತ್ತನೆಯ ಪದರಗಳಿವೆ. ಸೋರಿದ ನೀರು ಅಲ್ಲಿಗೆ ಇಳಿದು ಬುಡವನ್ನೇ ಸಡಿಲಿಸತೊಡಗಿತು. ಬುರುಜುಗಳು ಕುಸಿದವು, ರಾಣಿವಾಸದ ಒಂದು ಭಾಗ ಬಿದ್ದಿತು. ವಿಶ್ವ ಸ್ಮಾರಕ ನಿಧಿಯು 1996ರಲ್ಲಿ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ರಾಣಿವಾಸದ ದುರಸ್ತಿಯೂ ಆಯಿತು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ಇದು ವಿಶ್ವ ಪರಂಪರೆಯ ತಾಣವಾಯಿತು. ಆದರೂ 2024ರ ಆಗಸ್ಟ್ ತಿಂಗಳ ಭಾರಿ ಮಳೆಯಲ್ಲಿ ಗೋಡೆಯ ಒಂದು ಭಾಗ ಮತ್ತೆ ಕುಸಿಯಿತು.

ಕೋಟೆಯೊಳಗೆ ಇಂದಿಗೂ ಸಾವಿರಾರು ಜನರು ಸಂಸಾರ ಹೂಡಿಕೊಂಡಿದ್ದಾರೆ. ಅವರನ್ನು ಕೆಳಗಿಳಿಸಿದರೆ ಕಲ್ಲು ಉಳಿಯಬಹುದೆಂದು ಕೆಲವರು ಹೇಳುತ್ತಾರೆ. ತಲೆಮಾರುಗಳಿಂದ ಬಾಳಿದವರಿಲ್ಲದ ಕೋಟೆ ಎಂತಹ ಕೋಟೆಯೆಂದು ಅಲ್ಲಿಯವರು ಕೇಳುತ್ತಾರೆ. ಆ ವಾದ ಇನ್ನೂ ಮುಗಿದಿಲ್ಲ.