ಬಿಲ್ವದ ಹುಳವೂ ಭಾವನವರ ಪಂಪೂ

ಬಿಲ್ವದ ಗಿಡಕ್ಕೆ ಔಷಧಿ ಹೊಡೆಸಿದವರು ಯಾರೆಂದು ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ನಾನು ಹೇಳುತ್ತೇನೆ: ನಮ್ಮ ಭಾವನವರು. ಗುಡಿಯ ಸಮಿತಿಯಲ್ಲಿ ಅವರದೇ ಕೊನೇ ಮಾತು. "ಮನೆ ವಿಷಯ ಬರೀಬೇಡ" ಎಂದು ನಮ್ಮ ಮನೆಯವರು ಹೇಳುತ್ತಲೇ ಇದ್ದಾರೆ. ಇದು ಮನೆ ವಿಷಯವಲ್ಲ, ಮಕ್ಕಳ ಊಟದ ವಿಷಯ. ಬರೆಯುತ್ತೇನೆ.

ಸಿಂಗಟಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ಟೀಚರ್. ಚಿಕ್ಕಮಗಳೂರು ಜಿಲ್ಲೆ ಎಂದಕೂಡಲೇ ಹೊರಗಿನವರು ಕಾಫಿ ತೋಟ, ಮಂಜು, ಜಲಪಾತ ಎನ್ನುತ್ತಾರೆ. ನಮ್ಮ ಕಡೂರು ಸೀಮೆಗೆ ಬಂದು ನೋಡಲಿ. ರಾಗಿ ಹೊಲ, ಸುಳಿ ಒಣಗಿದ ತೆಂಗು, ಬತ್ತಿದ ಬೋರ್‌ವೆಲ್. ಇಲ್ಲಿ ಶಾಲೆಯಲ್ಲಿ ತೋಟ ಮಾಡುತ್ತೇನೆಂದಾಗ ನಕ್ಕವರೇ ಹೆಚ್ಚು. ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಸಣ್ಣ ಕಾಲುವೆ ಮಾಡಿ ಗಿಡದ ಪಾತಿಗೆ ತಿರುಗಿಸಿದೆವು. ಸೊಪ್ಪು, ನುಗ್ಗೆ, ಕರಿಬೇವು ಅಡುಗೆಮನೆಯ ಪಕ್ಕಕ್ಕೆ. ಶಾಲೆಗೂ ಈಶ್ವರನ ಗುಡಿಗೂ ಮಧ್ಯೆ ಇರುವುದು ಸೊಂಟದೆತ್ತರದ ಕಲ್ಲುಗೋಡೆ. ಅದರ ಉದ್ದಕ್ಕೂ ಬಿಲ್ವ, ಎಕ್ಕ, ಕಣಗಿಲೆ, ತುಂಬೆ. ಪತ್ರೆ, ಹೂವು ಗುಡಿಗೆ, ಆರೈಕೆ ಮಕ್ಕಳದು. ಸಮಿತಿಯ ಒಪ್ಪಿಗೆ ಪಡೆದೇ ನೆಟ್ಟದ್ದು.

ಇದರಲ್ಲಿ ನನ್ನದೊಂದು ಲೆಕ್ಕಾಚಾರವೂ ಇತ್ತು. ಶಿವನಿಗೆ ಬೇಕಾದ ಗಿಡಗಳೇ ಚಿಟ್ಟೆಗೂ ಬೇಕು. ನಿಂಬೆ ಚಿಟ್ಟೆ ನಿಂಬೆಗೆ ಮಾತ್ರ ಬರುತ್ತದೆಂದು ತಿಳಿದವರಿದ್ದಾರೆ. ಅದು ಬಿಲ್ವದ ಚಿಗುರಿನ ಮೇಲೂ ಮೊಟ್ಟೆಯಿಡುತ್ತದೆ. ಎಕ್ಕದೆಲೆ ತಿಂದು ಬೆಳೆಯುವುದು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ಕಣಗಿಲೆಗೆ ಕಾಮನ್ ಕ್ರೋ ಬರುತ್ತದೆ. ಈಶ್ವರಿ ಬಳ್ಳಿಯೊಂದನ್ನು ಬೇಲಿಗೆ ಹಬ್ಬಿಸಿದರೆ ಕ್ರಿಮ್ಸನ್ ರೋಸ್ ಹುಡುಕಿಕೊಂಡು ಬರುತ್ತದೆ. ಅತ್ತ ಮಲೆನಾಡಿನಲ್ಲಿ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬದುಕುವುದೂ ಅದೇ ಜಾತಿಯ ಬಳ್ಳಿಗಳ ಮೇಲೆ. ನೂರೆಂಟು ಬಗೆಯ ಹೂವಿಗೆ ಬಂದು ರಸ ಕುಡಿದು ಹೋಗುವ ಚಿಟ್ಟೆ ಮೊಟ್ಟೆಯಿಡಲು ಮಾತ್ರ ತನ್ನ ಮರಿ ತಿನ್ನುವ ಗಿಡವನ್ನೇ ಹುಡುಕುತ್ತದೆ. ಹೂದೋಟ ಮಾಡಿಯೂ ಚಿಟ್ಟೆ ನಿಲ್ಲಲಿಲ್ಲ ಎನ್ನುವವರು ಇದನ್ನು ಗಮನಿಸಿರುವುದಿಲ್ಲ.

ತಪಾಸಣೆಗೆ ಬಂದ ಅಧಿಕಾರಿಯೊಬ್ಬರಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅವರು ಎಕ್ಕದ ಗಿಡವನ್ನು ಪೆನ್ನಿನಿಂದ ತೋರಿಸಿ, "ಈ ಕಳೆ ತೆಗೆಸಿ, ಒಂದು ಸಾಲು ಕ್ರೋಟನ್ ಹಾಕಿಸಿ, ಫೋಟೋಗೆ ಚೆನ್ನಾಗಿರುತ್ತೆ" ಎಂದರು. ಸಂದರ್ಶಕರ ಪುಸ್ತಕದಲ್ಲಿ ಆವರಣದ ಸ್ವಚ್ಛತೆ ಕಡೆ ಗಮನ ಹರಿಸುವುದು ಎಂದು ಬರೆದು ಸಹಿ ಹಾಕಿ ಹೋದರು. ನಾನು ಎಕ್ಕ ತೆಗೆಸಲಿಲ್ಲ.

ನಮ್ಮ ತಾಲ್ಲೂಕಿನಲ್ಲೇ ಬಾಸೂರು ಅಮೃತ್‌ಮಹಲ್ ಕಾವಲಿದೆ. ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಹುಲ್ಲುಗಾವಲು. ವನ್ಯಜೀವಿ ಎಂದರೆ ನಮ್ಮ ಮಕ್ಕಳಿಗೆ ಅಲ್ಲಿರುವಂಥದ್ದು, ಇಲ್ಲವೇ ಟಿವಿಯಲ್ಲಿರುವಂಥದ್ದು. ಗೋಡೆ ಪಕ್ಕದಲ್ಲೇ ಒಂದಿದೆ ಎಂದು ತೋರಿಸಿಕೊಟ್ಟದ್ದು ಬಿಲ್ವದ ಹುಳ, ಅಂದರೆ ಆ ನಿಂಬೆ ಚಿಟ್ಟೆಯ ಮರಿ. ಮೊದಲು ಅದು ಎಲೆಯ ಮೇಲೆ ಕಾಗೆ ಹಿಕ್ಕೆ ಬಿದ್ದಂತೆ ಕಾಣುತ್ತದೆ, ಹಕ್ಕಿಗಳಿಗೆ ಮೋಸವಾಗಲೆಂದೇ ಆ ವೇಷ. ಬಲಿತಂತೆ ಹಸಿರಾಗುತ್ತದೆ. ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಮೆತ್ತನೆ ಕೊಂಬು ಪಟ್ಟನೆ ಹೊರಬಂದು, ಘಾಟು ವಾಸನೆ ಬಿಟ್ಟು, ಒಳಗೆ ಸೇರಿಕೊಳ್ಳುತ್ತವೆ. ಐದನೇ ತರಗತಿಯವರು ಅದನ್ನು ನೋಡಿ ಕಿರುಚಿದ ದಿನದಿಂದ ಬೆಳಗಿನ ಪ್ರಾರ್ಥನೆಗೂ ಮುಂಚೆ ಬಿಲ್ವದ ಬುಡದಲ್ಲಿ ಗುಂಪು. ಯಾವ ಕೊಂಬೆಯಲ್ಲಿ ಎಷ್ಟು ಹುಳ, ಯಾವುದು ಗೂಡು ಕಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆಯುತ್ತಿದ್ದರು. ಕನ್ನಡ ಬರೆಯಲು ಅಳುತ್ತಿದ್ದ ಹುಡುಗನೊಬ್ಬ ಇದಕ್ಕಾಗಿ ಪುಟಗಟ್ಟಲೆ ಬರೆದ.

ಅಷ್ಟರಲ್ಲಿ ಕಾರ್ತಿಕ ಬಂತು. ಕೊನೇ ಸೋಮವಾರಕ್ಕೆ ಲಕ್ಷ ಬಿಲ್ವಾರ್ಚನೆ ಎಂದು ಸಮಿತಿ ತೀರ್ಮಾನ ಮಾಡಿತು. ಪತ್ರೆ ಎಲ್ಲ ಕಡೆಯಿಂದಲೂ ಬರಬೇಕು, ನಮ್ಮ ಗಿಡಗಳಿಂದಲೂ. ಹುಳ ತಿಂದ ಪತ್ರೆ ಪೂಜೆಗೆ ಬರುವುದಿಲ್ಲ, ಮೂರೂ ದಳ ಇಡಿಯಾಗಿರಬೇಕು. ಭಾವನವರು ಬಂದು ನೋಡಿ, "ಏನಮ್ಮಾ, ದೇವರ ಗಿಡದಲ್ಲಿ ಹುಳ ಸಾಕ್ತಿದೀಯಲ್ಲ" ಎಂದರು. "ಭಾವಾ, ಇನ್ನೊಂದು ವಾರ ತಡೀರಿ, ಗೂಡು ಕಟ್ತವೆ, ಮಕ್ಕಳ ಕೈಲಿ ಒಳ್ಳೇ ಪತ್ರೆ ಆರಿಸಿ ಕೊಡ್ತೀನಿ" ಎಂದೆ. "ಹೂಂ" ಎಂದು ಹೋದರು. ಆ ಹೂಂ ನನಗೆ ಹೇಳಿದ ಒಪ್ಪಿಗೆಯಲ್ಲ ಎಂದು ತಿಳಿದದ್ದು ಮಾರನೇ ಬೆಳಿಗ್ಗೆ.

ಗೇಟಿನ ಹತ್ತಿರವೇ ವಾಸನೆ ಹೊಡೆಯಿತು. ಔಷಧಿ ಹೊಡೆದ ಈರುಳ್ಳಿ ಹೊಲದ ಬದುವಿನಲ್ಲಿ ನಡೆದವರಿಗೆ ಆ ವಾಸನೆ ಗೊತ್ತು. ಮಕ್ಕಳು ಗದ್ದಲವಿಲ್ಲದೆ ನಿಂತಿದ್ದರು. ಬಿಲ್ವದ ಕೆಳಗೆ ಹುಳುಗಳು ಬಿದ್ದು ನುಲಿಯುತ್ತಿದ್ದವು, ಬಾಯಿಂದ ಹಸಿರು ರಸ ಕಕ್ಕಿಕೊಂಡು. ಕೆಲವು ಇನ್ನೂ ಎಲೆಯಂಚಿಗೆ ಹಿಂಗಾಲಲ್ಲಿ ಕಚ್ಚಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದರ ಕೊಂಬು ಹೊರಬಂದದ್ದು ಒಳಗೆ ಹೋಗಿರಲಿಲ್ಲ. ಎಲೆಗಳ ಮೇಲೆ ಬಿಳೀ ಹನಿ ಒಣಗಿ ಕಲೆಯಾಗಿತ್ತು. ಒಬ್ಬಳು ಅಂಗೈಯಲ್ಲಿ ಒಂದು ಹುಳ ಇಟ್ಟುಕೊಂಡು, "ಮಿಸ್, ಇದು ಇನ್ನೂ ಐತೆ" ಎಂದಳು. ಅವಳ ಕೈ ನೋಡಿ ನನ್ನ ಎದೆ ಹೊಡೆದುಕೊಂಡಿತು. ಎಲ್ಲರನ್ನೂ ನಲ್ಲಿಗೆ ಓಡಿಸಿ ಸೋಪು ಹಚ್ಚಿ ಕೈ ತೊಳೆಸಿದೆ, ಉಗುರಿನ ಸಂದಿಯನ್ನೂ ಬಿಡಲಿಲ್ಲ.

ಕೈ ತೊಳೆಸುತ್ತಿದ್ದಾಗ ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂತು. ಕರಿಬೇವಿನ ಘಮ. ನನಗೆ ಮೈಯೆಲ್ಲ ತಣ್ಣಗಾಯಿತು. ಕರಿಬೇವಿನ ಗಿಡ ಬಿಲ್ವದಿಂದ ಗಾಳಿ ಬೀಸುವ ಕಡೆಗಿದೆ. ಓಡಿದೆ. "ಬೆಳಿಗ್ಗೆ ಕಿತ್ರಾ ಅಕ್ಕಾ?" ಎಂದರೆ, "ಹೂಂ ಟೀಚರ್, ಈಗ ತಾನೇ" ಎಂದರು ಅಡುಗೆಯಕ್ಕ. ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಹೆಡ್ಮಾಸ್ಟರು, "ತೊಳೆದೇ ಹಾಕಿರ್ತಾರೆ ಬಿಡಿ ಮೇಡಂ, ಒಂದು ಪಾತ್ರೆ ಸಾರು ಚೆಲ್ಲಿದ್ರೆ ಬೇಳೆ ಲೆಕ್ಕ ಯಾರು ಬರೀತಾರೆ" ಎಂದರು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದನ್ನೇ ಅವರಿಗೆ ಹೇಳಿದೆ. ಕುದಿಸಿದರೆ ವಿಷ ಹೋಗುತ್ತದೆಂದು ಯಾರು ಬರೆದುಕೊಡುತ್ತಾರೆ ಎಂದೂ ಕೇಳಿದೆ. ಸಾರನ್ನು ಗುಂಡಿಗೆ ಸುರಿಸಿದೆ, ನಾನೇ ಮುಂದೆ ನಿಂತು. ಆ ದಿನ ಮಕ್ಕಳು ತಡವಾಗಿ ಅನ್ನ, ಬರೀ ಬೇಳೆಕಟ್ಟು ಉಂಡರು. ಲೆಕ್ಕದ ಪುಸ್ತಕದಲ್ಲಿ ಕಾರಣವನ್ನು ಇದ್ದದ್ದು ಇದ್ದಂತೆ ಬರೆದೆ.

ಔಷಧಿ ಡಬ್ಬಿ ಗೋಡೆಯ ಆಚೆ ಬಿದ್ದಿತ್ತು. ನಮ್ಮ ದೇಶದಲ್ಲಿ ಮಾರುವ ಪ್ರತಿ ಕೀಟನಾಶಕದ ಡಬ್ಬಿಯ ಮೇಲೂ ವಿಷದ ತೀವ್ರತೆ ತಿಳಿಸುವ ಬಣ್ಣದ ಗುರುತಿರುತ್ತದೆ: ಕೆಂಪಾದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಇದು ಹಳದಿ. ಓದಲು ಬಾರದವರಿಗೂ ತಿಳಿಯಲೆಂದು ಇಟ್ಟ ಬಣ್ಣ, ಓದಿದ ನಮ್ಮ ಭಾವನವರ ಕಣ್ಣಿಗೆ ಬಿದ್ದಿರಲಿಲ್ಲ.

ಸಂಜೆ ಗುಡಿಯ ಜಗಲಿಯಲ್ಲಿ ಸಭೆ. ಹೆಂಗಸರು ಸಾಮಾನ್ಯವಾಗಿ ಕಂಬದ ಆಚೆ ಕೂರುತ್ತಾರೆ, ನಾನು ಈಚೆ ನಿಂತೆ. ಮಕ್ಕಳ ನೋಟ್‌ಬುಕ್, ಚಿಟ್ಟೆ, ಪರಿಸರ ಎಂದೆಲ್ಲ ಹೇಳಿದೆ. ಯಾರಿಗೂ ನಾಟಲಿಲ್ಲ. "ಹುಳಕ್ಕೋಸ್ಕರ ಅತ್ತಿಗೆ ಜಗಳಕ್ಕೆ ನಿಂತವ್ರೆ" ಎಂದು ಹಿಂದೆ ಯಾರೋ ನಕ್ಕರು. ಆಗ ಪೂಜೆಯ ಅಯ್ನೋರು ಕೇಳಿದರು: "ಆ ಪತ್ರೆ ಲಿಂಗದ ಮೇಲೆ ಇಟ್ಟು ನೀರೆರೆದ್ರೆ, ಆ ನೀರು ತಾನೇ ತೀರ್ಥ? ನಾನು ಯಾರ ಕೈಗೆ ಹಾಕಲಿ ಅದನ್ನ?" ಅವರದು ಅಷ್ಟೇ ಮಾತು. ಭಾವನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದು ಹೋದರು. ನಮ್ಮ ಗಿಡದ ಒಂದು ಪತ್ರೆಯೂ ಆ ಅರ್ಚನೆಗೆ ಹೋಗಲಿಲ್ಲ. ನಾನು ಗಂಟೆಗಟ್ಟಲೆ ಹೇಳಿ ಆಗದ್ದು ತೀರ್ಥದ ಒಂದು ಮಾತಿನಿಂದ ಆಯಿತಲ್ಲ ಎಂದು ಸಿಟ್ಟೂ ಬಂತು, ಸಮಾಧಾನವೂ ಆಯಿತು. ಭಾವನವರು ಇವತ್ತಿಗೂ, "ಅದು ಬೇವಿನೆಣ್ಣೆ ಅಂದ್ಕೊಂಡಿದ್ದೆ" ಎನ್ನುತ್ತಾರೆ. ಅಂದುಕೊಳ್ಳಲಿ.

ಬೇರೆ ಟೀಚರುಗಳು ಕೇಳುವುದರಿಂದ ಕೆಲವು ಮಾತು. ಬೇವಿನೆಣ್ಣೆಯೂ ಮರಿಹುಳವನ್ನು ಬಿಡುವುದಿಲ್ಲ, ಸಾವಯವ ಎಂದ ಮಾತ್ರಕ್ಕೆ ಚಿಟ್ಟೆ ತೋಟಕ್ಕೆ ಆಗುವುದಿಲ್ಲ. ಪೂಜೆಗೆ ಪತ್ರೆ ಬೇಕಾದ ಗಿಡದಿಂದ ಹುಳುಗಳನ್ನು ಎಲೆ ಸಮೇತ ಕಿತ್ತು ನಿಂಬೆಗೋ ಕರಿಬೇವಿಗೋ ಬೇಲದ ಮರಕ್ಕೋ ಸಾಗಿಸಬಹುದು, ಅಲ್ಲೂ ಅವು ತಿನ್ನುತ್ತವೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆಯ ಪ್ರತಿ ಭಾಗವೂ ವಿಷ. ಸಣ್ಣ ಮಕ್ಕಳ ಕೈಗೆಟುಕದ ಕಡೆ ನೆಡಿ. ಹಕ್ಕಿಗೆ ನೀರಿಡುವ ಮಡಕೆಯನ್ನು ವಾರಕ್ಕೆರಡು ಸಲ ಉಜ್ಜದಿದ್ದರೆ ಸೊಳ್ಳೆಯ ತೋಟವಾಗುತ್ತದೆ.

ಹಾವಿನ ಭಯ ಎಲ್ಲ ಪೋಷಕರದೂ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವರೇ ಪೊದೆ ಕಂಡರೆ ಬೆಂಕಿ ಹಚ್ಚಿ ಎನ್ನುತ್ತಾರೆ, ಅವರನ್ನು ದೂರಿ ಫಲವಿಲ್ಲ. ಕೊಠಡಿ, ಶೌಚಾಲಯದ ಸುತ್ತ ನೆಲ ಬೋಳಾಗಿಡಿ, ಕಲ್ಲು, ಸೌದೆ ರಾಶಿ ಹಾಕಬೇಡಿ, ಪೊದೆಯೇನಿದ್ದರೂ ದೂರದ ಮೂಲೆಗೆ. ಕಚ್ಚಿದರೆ ಕಟ್ಟು, ಮಂತ್ರ ಎಂದು ಹೊತ್ತು ಕಳೆಯದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂದು ತೋಟ ಮಾಡುವ ಮೊದಲೇ ಕೇಳಿಟ್ಟುಕೊಳ್ಳಿ.

ಗುಡಿಯ ಸಮಿತಿಗಳವರಲ್ಲಿ ಒಂದು ಬೇಡಿಕೆ. ಶಾಲೆಯ ಗೋಡೆಗೆ ಹೊಂದಿಕೊಂಡ ಯಾವ ಗಿಡಕ್ಕೇ ಔಷಧಿ ಹೊಡೆಸುವುದಿದ್ದರೂ ಹಿಂದಿನ ದಿನವೇ ಟೀಚರಿಗೆ ಹೇಳಿ, ಅಡುಗೆಯವರಿಗೂ ಹೇಳಿ. ಪೂಜೆಯ ಪತ್ರೆಗಂತೂ ಹೊಡೆಸಲೇಬೇಡಿ.