ಸಿಟ್ಟಿಗೆ ನೆನಪಿನ ಬಲವಿರಲಿ

ಮಗಳೇ, ರಾಜಕೀಯದ ಸುದ್ದಿ ನೋಡಿದಾಗಲೆಲ್ಲ "ಇಷ್ಟು ಕೆಟ್ಟ ಕಾಲ ಹಿಂದೆಂದೂ ಇರಲಿಲ್ಲ" ಅನ್ನುತ್ತೀಯ. ನಿನಗೆ ಸಿಟ್ಟು ಬರುತ್ತದಲ್ಲ, ಅದು ನನಗೆ ಸಮಾಧಾನ. ಆದರೆ ನೆನಪಿಲ್ಲದ ಸಿಟ್ಟನ್ನು ಯಾವ ಪಕ್ಷ ಬೇಕಾದರೂ ತನ್ನ ಕೆಲಸಕ್ಕೆ ಹಚ್ಚಿಕೊಂಡುಬಿಡುತ್ತದೆ. ಆ ಭಯಕ್ಕೇ ಈ ಮಾತು.

ರಾಜ್ಯಪಾಲರು, ಬಹುಮತ ಎಂಬ ಗದ್ದಲ ಎದ್ದಾಗ 1989ರ ಏಪ್ರಿಲ್‌ಗೆ ಹೋಗಿ ಬಾ. ಆಗ ಎಸ್.ಆರ್. ಬೊಮ್ಮಾಯಿ ನಮ್ಮ ಮುಖ್ಯಮಂತ್ರಿ, ಪಿ. ವೆಂಕಟಸುಬ್ಬಯ್ಯ ರಾಜ್ಯಪಾಲರು. ಪಕ್ಷ ಬಿಟ್ಟ ಶಾಸಕರೊಬ್ಬರು ಹತ್ತೊಂಬತ್ತು ಪತ್ರಗಳನ್ನು ತಂದು ರಾಜ್ಯಪಾಲರ ಕೈಗಿಟ್ಟರು. ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸು ಎಂಬುದು ಅವುಗಳ ಸಾರ. ಮರುದಿನವೇ ದೆಹಲಿಗೆ ವರದಿ ಹೋಯಿತು. ಅಷ್ಟರಲ್ಲಿ ಆ ಹತ್ತೊಂಬತ್ತರಲ್ಲಿ ಏಳು ಮಂದಿ, "ನಮ್ಮ ಸಹಿ ಸುಳ್ಳು ಹೇಳಿ ಪಡೆದದ್ದು, ನಾವು ಸರ್ಕಾರದ ಜೊತೆಗಿದ್ದೇವೆ" ಎಂದು ಬರೆದುಕೊಟ್ಟರು. ಬೊಮ್ಮಾಯಿ, ಸದನ ಕರೆದಿದ್ದೇವೆ, ಬೇಕಾದರೆ ಇನ್ನೂ ಮುಂಚೆ ಸೇರಿಸಿ ಅಲ್ಲೇ ಬಹುಮತ ತೋರಿಸುತ್ತೇವೆ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಇನ್ನೊಂದು ವಿಷಯ ಗಮನಿಸು: ಬಹುಮತದ ತೀರ್ಮಾನ ಸದನದಲ್ಲೇ ಆಗಬೇಕು ಎಂದು, ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ 1988ರಲ್ಲೇ ಹೇಳಿತ್ತು. ದಾರಿ ಗೊತ್ತಿಲ್ಲದೆ ಆದ ತಪ್ಪಲ್ಲ ಅದು.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಬಹುಮತ ಅಳೆಯುವ ಜಾಗ ಸದನವೇ ಎಂದಿತು. ಆ ತೀರ್ಪಿನಿಂದ ಬೊಮ್ಮಾಯಿಯವರ ಸರ್ಕಾರ ಮರಳಲಿಲ್ಲ. ಆದರೆ 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ಹದಿನೈದು ದಿನ ಕೊಟ್ಟಾಗ, ಕೋರ್ಟು 19ರಂದೇ ಸದನದಲ್ಲಿ ಬಲ ಪರೀಕ್ಷೆ ಆಗಲಿ ಎಂದದ್ದು ಅದೇ ನೆಲದ ಮೇಲೆ ನಿಂತು.

ಇದನ್ನು ಓದಿ ಒಂದೇ ಪಕ್ಷದ ಮೇಲೆ ಕೆಂಡ ಕಾರಬೇಡ. 1977ರಲ್ಲಿ ಜನತಾ ಪಕ್ಷ ಕೇಂದ್ರಕ್ಕೆ ಬಂದ ಕೂಡಲೇ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿತು, ಆ ವರ್ಷದ ಕೊನೆಗೆ ನಮ್ಮ ದೇವರಾಜ ಅರಸರ ಸರ್ಕಾರವನ್ನೂ. ಅರಸರು ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಮರಳಿದರು. 1980ರಲ್ಲಿ ಇಂದಿರಾ ಗಾಂಧಿ ಬಂದು ಮತ್ತೆ ಒಂಬತ್ತು ಸರ್ಕಾರಗಳನ್ನು ವಜಾ ಮಾಡಿದರು. ನಿನಗೆ ಪ್ರಿಯವಾದ ಪಕ್ಷ ಹಿಂದೆ ಇದೇ ಕೆಲಸ ಮಾಡಿದಾಗ ಏನು ಸಬೂಬು ಹೇಳಿತ್ತು ಅಂತ ಹುಡುಕು. ಹಳೆಯ ಪತ್ರಿಕೆಗಳಿವೆ, ಸದನದ ನಡಾವಳಿಗಳಿವೆ. ಹತ್ತಿರದ ಗ್ರಂಥಾಲಯದಲ್ಲಿ ಕೇಳಿ ತೆಗೆಸಿಕೊಂಡು ಓದು.

ಪಕ್ಷಾಂತರವನ್ನೂ ಹೀಗೆಯೇ ನೋಡಬೇಕು. "ಶಾಸಕರು ರಾಜೀನಾಮೆ ಕೊಟ್ಟೇ ಯಾಕೆ ಹೋಗುತ್ತಾರೆ?" ಅಂತ ಕೇಳಿದ್ದೆಯಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಒಬ್ಬಿಬ್ಬರು ಹಾರುವುದನ್ನು ತಡೆಯಿತು, ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ಮಾತ್ರ ಬಿಟ್ಟಿತು. 2003ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಆಮೇಲೆ ಹುಟ್ಟಿದ್ದು ರಾಜೀನಾಮೆ ಕೊಟ್ಟು ಹೊಸ ಪಕ್ಷದಿಂದ ಮತ್ತೆ ನಿಲ್ಲುವ ದಾರಿ. 2008ರಲ್ಲಿ ಅದಕ್ಕೆ 'ಆಪರೇಷನ್ ಕಮಲ' ಎಂಬ ಹೆಸರೂ ಬಿತ್ತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿದ್ದದ್ದು ಸದನದಲ್ಲೇ. ಬೊಮ್ಮಾಯಿ ಕೇಳಿದ ಜಾಗದಲ್ಲೇ. ಆದರೆ ಲೆಕ್ಕ ಬದಲಿಸಿದವರು ಆ ದಿನ ಸದನದಲ್ಲಿ ಇರಲೇ ಇಲ್ಲ. ಕಾನೂನು ಓದಿದ ಮಾತ್ರಕ್ಕೆ ಇದು ತಿಳಿಯುವುದಿಲ್ಲ. ಯಾವ ಬಾಗಿಲು ಯಾವಾಗ ಮುಚ್ಚಿತು, ಅವರು ಯಾವ ಸಂದಿಯಿಂದ ನುಸುಳಿದರು ಎಂಬುದನ್ನು ವರ್ಷದ ಪ್ರಕಾರ ಜೋಡಿಸಿಕೊಂಡಾಗಲೇ ತಿಳಿಯುತ್ತದೆ.

ಹಾಗೆ ಸದನದಿಂದ ದೂರ ಉಳಿದ ಹದಿನೇಳು ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಚುನಾವಣೆಗೆ ನಿಲ್ಲಲು ಮಾತ್ರ ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ನಿಂತರು, ನಿಂತವರಲ್ಲಿ ಬಹುತೇಕರು ಗೆದ್ದರು. ಯಾಕೆ ಗೆದ್ದರು? ಟಿ.ವಿ. ಚರ್ಚೆಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ರಜೆಗೆ ಬಂದಾಗ ಅಂಥ ಒಂದು ಕ್ಷೇತ್ರಕ್ಕೆ ಹೋಗಿ, ಓಟು ಹಾಕಿದವರ ಜಗಲಿಯಲ್ಲಿ ಕೂತು ಕೇಳು. ಬೈಯಬೇಡ, ಕೇಳು.